ಸಾವನದುರ್ಗದ ಕರಿಗುಡ್ಡ: ಬೆಂಗಳೂರಿನ ಹತ್ತಿರದ ಈ ಬಂಡೆ ಚಾರಣ ಹೇಗಿದೆ?

ಬೆಂಗಳೂರಿನಿಂದ ಒಂದೇ ದಿನದಲ್ಲಿ ಹೋಗಿಬರಬಹುದಾದ ಬೆಟ್ಟಗಳಲ್ಲಿ, ಬರಿಯ ಬಂಡೆಯ ಮೇಲೆ ನಡೆಯುವ ಸುಖ ಬೇಕೆಂದರೆ ಸಾವನದುರ್ಗಕ್ಕೇ ಹೋಗಬೇಕು. ಸ್ಕಂದಗಿರಿಯಲ್ಲಿ ಹೆಚ್ಚುಪಾಲು ಕುರುಚಲು ಕಾಡಿನ ನಡುವಿನ ಕಾಲುದಾರಿ. ಶಿವಗಂಗೆಯಲ್ಲಿ ಕಡಿದ ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿ. ಸಾವನದುರ್ಗದ ಕರಿಗುಡ್ಡ ಹಾಗಲ್ಲ. ಬುಡ ಬಿಟ್ಟ ಸ್ವಲ್ಪ ಹೊತ್ತಿಗೇ ಹೆಬ್ಬಂಡೆ ಶುರು, ಅಲ್ಲಿಂದ ಪಾದದ ಹಿಡಿತವೇ ಆಸರೆ. ಒಣ ದಿನ, ಒಳ್ಳೆಯ ಶೂ, ಬೆಳಗಿನ ಹೊತ್ತು ಈ ಮೂರೂ ಕೂಡಿಬಂದರೆ ಇಷ್ಟು ಹತ್ತಿರದಲ್ಲಿ ಇದಕ್ಕಿಂತ ಒಳ್ಳೆಯ ಚಾರಣ ಸಿಗುವುದು ಕಷ್ಟ. ಒಂದು ತಪ್ಪಿದರೂ ಅವತ್ತಿಗೆ ಶಿವಗಂಗೆಯೇ ವಾಸಿ.

ಜಾಗ ಮಾಗಡಿ ತಾಲ್ಲೂಕಿನದು, ನಗರದಿಂದ 50-60 ಕಿ.ಮೀ. ಸ್ವಂತ ಗಾಡಿಯಿದ್ದರೆ ಮಾಗಡಿ ರಸ್ತೆಯಲ್ಲಿ ತಾವರೆಕೆರೆ ದಾಟಿ, ಮಾಗಡಿ ಸಿಗುವ ಮೊದಲೇ ಎಡಕ್ಕೆ ತಿರುಗಬೇಕು. ಬಸ್ಸಿನಲ್ಲಿ ಹೋಗುವವರು ಮಾಗಡಿಯಲ್ಲಿ ಇಳಿದು ಅಲ್ಲಿಂದ ಸುಮಾರು 12 ಕಿ.ಮೀ. ಆಟೋ ಹಿಡಿಯಬೇಕು. ವಾಪಸ್ಸಿಗೂ ಅದೇ ಆಟೋದವರನ್ನು ಮಾತಾಡಿಕೊಂಡಿರಿ, ಬುಡದಲ್ಲಿ ಗಾಡಿಗೆ ಕಾಯುತ್ತ ಕೂರುವುದು ತಪ್ಪುತ್ತದೆ. ತಿಂಡಿಯನ್ನು ದಾರಿಯಲ್ಲೇ ಮುಗಿಸಿಕೊಳ್ಳಿ. ಬೆಟ್ಟ ಅರಣ್ಯ ಇಲಾಖೆಯ ವ್ಯಾಪ್ತಿಯಲ್ಲಿದೆ. ಟಿಕೆಟ್ಟು ಮತ್ತು ಪ್ರವೇಶದ ಸಮಯದ ನಿಯಮ ಬದಲಾಗುತ್ತಿರುವುದರಿಂದ ಹೊರಡುವ ಹಿಂದಿನ ದಿನ ಇಲಾಖೆಯ ಜಾಲತಾಣ ನೋಡುವುದು ಒಳ್ಳೆಯದು. ರಾತ್ರಿ ಹತ್ತುವ ಯೋಚನೆ ಬೇಡ. ಈ ಸೀಮೆಯ ಕಾಡುಗಳಲ್ಲಿ ಕರಡಿ, ಚಿರತೆ ಎರಡೂ ಇವೆ.

ಇಲ್ಲಿರುವುದು ಎರಡು ಗುಡ್ಡ, ಕರಿಗುಡ್ಡ ಮತ್ತು ಬಿಳಿಗುಡ್ಡ. ಜನ ಹತ್ತುವುದು ಕರಿಗುಡ್ಡವನ್ನು. ತುದಿಯ ಎತ್ತರ ಸಮುದ್ರಮಟ್ಟದಿಂದ 1,226 ಮೀಟರ್. ಬುಡದಿಂದ ಲೆಕ್ಕ ಹಾಕಿದರೆ ಏರು ಸುಮಾರು 400 ಮೀಟರ್. ದಾರಿ ಸುಮಾರು ಎರಡು ಕಿ.ಮೀ. ಅಷ್ಟೆ, ಆದರೂ ಹತ್ತಲು ಒಂದೂವರೆಯಿಂದ ಎರಡು ತಾಸು ಬೇಕು. ಸಾವಂದಿ ವೀರಭದ್ರಸ್ವಾಮಿ ದೇವಸ್ಥಾನದ ಬಳಿಯಿಂದ ಹೊರಟರೆ ಮೊದಲ ಭಾಗವೇ ಕಡಿದು, ನೆರಳೂ ಇಲ್ಲ. ಆಮೇಲೆ ಕೋಟೆಗೋಡೆಯ ಅವಶೇಷಗಳು, ಬಂಡೆಗಳ ಸಂದುಗಳು, ನಡುನಡುವೆ ಗಿಡಗಂಟಿ. ಕೆಂಪೇಗೌಡರ ವಂಶದವರ ಕೈಯಲ್ಲಿದ್ದ ಈ ಕೋಟೆ ಮುಂದೆ ಮೈಸೂರಿನವರದಾಗಿ, 1791ರ ಡಿಸೆಂಬರಿನಲ್ಲಿ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಸೈನ್ಯದ ವಶವಾಯಿತು. ಈ ಗೋಡೆಗಳ ನೆರಳು ಸುಧಾರಿಸಿಕೊಳ್ಳಲು ಅನುಕೂಲ, ಆದರೆ ಕಲ್ಲು ಸಡಿಲವಾಗಿರುವ ಕಡೆ ಗೋಡೆಯ ಮೇಲೆ ಹತ್ತಬೇಡಿ. ತುದಿಯಲ್ಲಿ ನಂದಿಯ ಪುಟ್ಟ ಮಂಟಪವಿದೆ. ತಿಳಿಯಾದ ದಿನ ಅರ್ಕಾವತಿಗೆ ಕಟ್ಟಿದ ಮಂಚನಬೆಲೆ ಜಲಾಶಯ ಕಾಣುತ್ತದೆ.

ಬಂಡೆಯ ಸ್ವಭಾವ ತಿಳಿದರೆ ಅರ್ಧ ಕೆಲಸ ಆದಂತೆ. ಇದು ಕ್ಲೋಸ್‌ಪೇಟೆ (ರಾಮನಗರದ ಹಳೆಯ ಹೆಸರು) ಗ್ರಾನೈಟ್, ಸುಮಾರು 250 ಕೋಟಿ ವರ್ಷ ಹಳೆಯದು. ಒಣಗಿದ್ದಾಗ ಇದರ ಒರಟು ಮೈ ರಬ್ಬರನ್ನು ಚೆನ್ನಾಗಿ ಕಚ್ಚಿಕೊಳ್ಳುತ್ತದೆ. ನೀರು ಹರಿಯುವ ಕಡೆ ಮಾತ್ರ ಕಪ್ಪು ಪಟ್ಟೆಗಳು ಕಾಣುತ್ತವೆ. ಅವು ಪಾಚಿಯಂಥ ಜೀವಿಗಳ ಪದರ, ಮಳೆ ತಾಗಿದ ಕೂಡಲೆ ವಿಪರೀತ ಜಾರುತ್ತವೆ. ಇನ್ನೊಂದು ಅಪಾಯ ಬಂಡೆಯಿಂದಲೇ ಉದುರಿದ ಪುಡಿಗಲ್ಲು. ರಾಗಿ ಚೆಲ್ಲಿದ ನೆಲದ ಮೇಲೆ ಕಾಲಿಟ್ಟ ಹಾಗೆ ಹೆಜ್ಜೆ ಹೊರಳಿಹೋಗುತ್ತದೆ. ಕಪ್ಪು ಪಟ್ಟೆಯನ್ನೂ ಪುಡಿಯನ್ನೂ ತಪ್ಪಿಸಿ, ಬಿಳಿಚಿದ ಒರಟು ಮೈಯ ಮೇಲೆ ಹೆಜ್ಜೆಯಿಡಿ.

ಶೂವಿನ ಅಡಿ ಮೆತ್ತನೆಯ ರಬ್ಬರಿನದಾಗಿರಬೇಕು, ಚಪ್ಪಟೆಯಾಗಿದ್ದು ಬಂಡೆಗೆ ಪೂರ್ತಿ ತಾಗಬೇಕು. ಗಟ್ಟಿ ಪ್ಲಾಸ್ಟಿಕ್ ಮುಳ್ಳುಗಳಿರುವ ಫುಟ್‌ಬಾಲ್ ಶೂ, ಸವೆದ ಓಟದ ಶೂ, ಚಪ್ಪಲಿ ಯಾವುದೂ ಆಗುವುದಿಲ್ಲ. ಹತ್ತುವಾಗ ಚಿಕ್ಕ ಹೆಜ್ಜೆ, ಹಿಮ್ಮಡಿಯೂ ಬಂಡೆಗೆ ತಾಗಿರಲಿ. ಹೆದರಿದವರು ಮುಂದಕ್ಕೆ ಬಾಗಿ ಬಂಡೆಯನ್ನು ಅಪ್ಪಿಕೊಳ್ಳಲು ನೋಡುತ್ತಾರೆ. ಆಗ ಮೈಭಾರ ಪಾದದ ಮೇಲಿಂದ ಸರಿದು ಕಾಲು ಜಾರುತ್ತದೆ. ನೆಟ್ಟಗೆ ನಿಂತರೇ ಹಿಡಿತ ಹೆಚ್ಚು. ಇಳಿಯುವಾಗ ಮಂಡಿ ಸ್ವಲ್ಪ ಬಗ್ಗಿಸಿ, ನೇರ ಇಳಿಯದೆ ಅಡ್ಡಡ್ಡ ನಡೆಯಿರಿ. ಕೂತು ಜಾರಿಕೊಂಡು ಬರುವುದು ಸುಲಭವೆನಿಸಿದರೂ ಒಮ್ಮೆ ವೇಗ ಬಂದರೆ ನಿಲ್ಲಿಸಲಾಗದು.

ಈ ಬೆಟ್ಟದಲ್ಲಿ ಜನ ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ಇಳಿಯುವಾಗ, ಅದಕ್ಕೆ ಬೆಟ್ಟದ ಆಕಾರವೇ ಕಾರಣ. ಗುಮ್ಮಟದಂಥ ಬಂಡೆ ಮೇಲ್ಗಡೆ ಸಪಾಟಾಗಿದ್ದು, ಕೆಳಗೆ ಹೋದಂತೆ ಕಡಿದಾಗುತ್ತದೆ. ಮೇಲೆ ನಿಂತವರಿಗೆ ಮುಂದಿನ ಇಳಿಜಾರು ಕಾಣುವುದೇ ಇಲ್ಲ. ದಾರಿ ತಪ್ಪಿದರೂ ಹತ್ತಿಪ್ಪತ್ತು ಹೆಜ್ಜೆ ಸಲೀಸಾಗಿ ಇಳಿದುಬಿಡಬಹುದು, ಆಮೇಲೆ ಕೆಳಗೆ ಪ್ರಪಾತ, ಹಿಂದಕ್ಕೆ ಹತ್ತಲು ಧೈರ್ಯ ಸಾಲದು. ಬಂಡೆಯ ಮೇಲೆ ಬಿಳಿ ಬಾಣದ ಗುರುತುಗಳಿವೆ. ಅವು ಹತ್ತುವವರ ಕಣ್ಣಿಗೆ ಸುಲಭವಾಗಿ ಬೀಳುತ್ತವೆ, ಇಳಿಯುವವರು ಹುಡುಕಬೇಕು. ಆದ್ದರಿಂದ ಹತ್ತುವಾಗಲೇ ಹತ್ತು ನಿಮಿಷಕ್ಕೊಮ್ಮೆ ಹಿಂದಿರುಗಿ ನೋಡಿ, ತಿರುವುಗಳ ಫೋಟೋ ಕೆಳಮುಖವಾಗಿ ತೆಗೆದಿಡಿ. ಐವತ್ತು ಹೆಜ್ಜೆ ನಡೆದರೂ ಬಾಣ ಕಾಣದಿದ್ದರೆ ಕೆಳಗೆ ಹುಡುಕಬೇಡಿ, ಕೊನೆಯ ಬಾಣದವರೆಗೆ ಮೇಲಕ್ಕೆ ವಾಪಸ್ ಹೋಗಿ. ನಿಜಕ್ಕೂ ಸಿಕ್ಕಿಹಾಕಿಕೊಂಡರೆ ಅಲ್ಲೇ ಕೂತು 112ಕ್ಕೆ ಕರೆ ಮಾಡಿ.

ತಲೆಗೆ ಎರಡು ಲೀಟರ್ ನೀರು ಬೇಕು, ಫೆಬ್ರವರಿಯ ನಂತರವಾದರೆ ಮೂರು. ಬಂಡೆಯ ಹಳ್ಳಗಳಲ್ಲಿ ನಿಂತ ನೀರು ಕುಡಿಯಲು ಯೋಗ್ಯವಲ್ಲ. ಒಂದೆರಡು ಓಆರ್‌ಎಸ್ ಪೊಟ್ಟಣ ಬ್ಯಾಗಿನಲ್ಲಿರಲಿ. ಬಿಸಿಲೇರಿದ ಮೇಲೆ ಮೇಲಿನ ಸೂರ್ಯನಷ್ಟೇ ಕಾದ ಬಂಡೆಯೂ ಸುಸ್ತು ಮಾಡುತ್ತದೆ, ಹನ್ನೊಂದರೊಳಗೆ ಇಳಿದು ಬುಡ ಸೇರುವಂತೆ ಬೆಳಗ್ಗೆಯೇ ಹೊರಡಿ. ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರುವುದುಂಟು. ತುದಿಯ ಮಂಟಪ ಸಿಡಿಲಿಗೆ ರಕ್ಷಣೆಯಲ್ಲ, ಮೋಡ ಕಟ್ಟುವುದು ಕಂಡಾಗಲೇ ಇಳಿಯಿರಿ. ತಿಂಡಿಯ ಕವರು ಕೈಯಲ್ಲಿ ಹಿಡಿದರೆ ಕೋತಿಗಳು ಬಿಡುವುದಿಲ್ಲ, ಕಡಿದು ಬಂಡೆಯ ಮೇಲೆ ಕೋತಿಯೊಡನೆ ಜಗ್ಗಾಡುವುದು ಬಹಳ ಅಪಾಯ. ಹೆಜ್ಜೇನು ಕಟ್ಟುವ ಬಂಡೆಗಳ ಹತ್ತಿರ ಬೆಂಕಿ, ಹೊಗೆ, ಕೂಗಾಟ ಬೇಡ.

ಚಿಕ್ಕ ಮಕ್ಕಳನ್ನು, ಮಂಡಿನೋವಿನ ಹಿರಿಯರನ್ನು ಕರಿಗುಡ್ಡಕ್ಕೆ ಹತ್ತಿಸಬೇಡಿ. ಅವರಿಗೆ ಬುಡದಲ್ಲಿ ವೀರಭದ್ರಸ್ವಾಮಿ ಮತ್ತು ನರಸಿಂಹಸ್ವಾಮಿ ದೇವಸ್ಥಾನಗಳಿವೆ, ನಿಂತು ನೋಡಿದರೂ ಬಂಡೆಯ ಅಗಾಧತೆ ಮನಸ್ಸು ತುಂಬುತ್ತದೆ. ಬಿಳಿಗುಡ್ಡ ಹಗ್ಗ ಕಟ್ಟಿ ಬಂಡೆ ಹತ್ತುವ ನುರಿತವರ ಜಾಗ. ದಾರಿ ಬಲ್ಲವರು ಜೊತೆಗಿಲ್ಲದೆ ಅತ್ತ ಹೋಗಬೇಡಿ. ವಾಪಸ್ ಬರುವಾಗ ಮಂಚನಬೆಲೆಯ ಹಿನ್ನೀರು ಈಜಲು ಕರೆಯುವಂತಿರುತ್ತದೆ. ದಂಡೆಯಿಂದಷ್ಟೇ ನೋಡಿ, ನೀರಿಗಿಳಿಯಬೇಡಿ. ಅಲ್ಲಿ ಮುಳುಗಿ ಸತ್ತವರಿದ್ದಾರೆ.