ಪದೇ ಪದೇ ಕೈ ತೊಳೆಯುವವರಿಗೆ ಯಾವುದು ಸರಿ: ಸೋಪೋ, ಸಿಂಡೆಟ್ಟೋ, ಸ್ಯಾನಿಟೈಸರೋ?

ದಿನಕ್ಕೆ ಇಪ್ಪತ್ತು ಮೂವತ್ತು ಸಲ ಕೈ ತೊಳೆಯುವ ದಾದಿಯರು, ಅಡುಗೆಯವರು, ಹಸುಗೂಸಿನ ತಾಯಂದಿರು ಮೊದಲು ನೋಡಬೇಕಾದದ್ದು ಪರಿಮಳವನ್ನಲ್ಲ, ಪಿಎಚ್ ಮಟ್ಟವನ್ನು, ಅಂದರೆ ಆಮ್ಲ-ಕ್ಷಾರದ ಅಳತೆಯನ್ನು (7ಕ್ಕಿಂತ ಕಡಿಮೆಯಾದರೆ ಆಮ್ಲ, ಹೆಚ್ಚಾದರೆ ಕ್ಷಾರ). ಆರೋಗ್ಯವಂತ ಚರ್ಮದ ಪಿಎಚ್ ಸುಮಾರು 5. ಎಣ್ಣೆ ಮತ್ತು ಕ್ಷಾರದಿಂದ ತಯಾರಾದ ಸಾಬೂನಿನದು 9ರಿಂದ 10. ಅದು ಜಿಡ್ಡು, ಕೊಳೆಯನ್ನು ಚೆನ್ನಾಗಿ ತೆಗೆಯುತ್ತದೆ, ಅಗ್ಗವೂ ಹೌದು. ಆದರೆ ಚರ್ಮದ ಸ್ವಂತ ಕೊಬ್ಬನ್ನೂ ಸೆಳೆದುಕೊಳ್ಳುವುದರಿಂದ ಬೆರಳ ಸಂದುಗಳು ಬಿರಿಯುತ್ತವೆ.

ಸಿಂಡೆಟ್ ಎಂದರೆ ಸಾಬೂನಲ್ಲದ ಮಾರ್ಜಕ. ಇದರ ಪಿಎಚ್ ಅನ್ನು ಚರ್ಮಕ್ಕೆ ಹತ್ತಿರವಾಗಿ ಹೊಂದಿಸಬಹುದು. ಪೊಟ್ಟಣದ ಮೇಲೆ ಸೋಡಿಯಂ ಕೊಕೊಯಿಲ್ ಐಸೆಥಿಯೋನೇಟ್ ಎಂಬ ಸೌಮ್ಯ ಮಾರ್ಜಕ ಮತ್ತು ಪಸೆ ಹಿಡಿದಿಡುವ ಗ್ಲಿಸರಿನ್ ಇದ್ದರೆ ಒಳ್ಳೆಯದು. ಚರ್ಮವನ್ನು ಕೆರಳಿಸುವ ಸೋಡಿಯಂ ಲಾರಿಲ್ ಸಲ್ಫೇಟ್ ಮೊದಲ ಸಾಲಿನಲ್ಲೇ ಇದ್ದರೆ ನಾನು ಕೊಳ್ಳುವುದಿಲ್ಲ. ಬೆಲೆ ಹೆಚ್ಚು, ನಿಜ. ಬಿರಿದ ಕೈಯ ಉರಿ ಬಲ್ಲವರು ಆ ಖರ್ಚಿಗೆ ಹಿಂಜರಿಯಬಾರದು.

ಕಣ್ಣಿಗೆ ಕೊಳೆ ಕಾಣದಿದ್ದಾಗ ಆಲ್ಕೋಹಾಲ್ ಸ್ಯಾನಿಟೈಸರ್ ಚರ್ಮಕ್ಕೆ ಸಾಬೂನಿಗಿಂತ ಸೌಮ್ಯ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ 80% ಎಥನಾಲ್ (ಒಂದು ಬಗೆಯ ಆಲ್ಕೋಹಾಲ್) ಜೊತೆ ಗ್ಲಿಸರಿನನ್ನೂ ಸೇರಿಸಿರುವುದು ಚರ್ಮದ ರಕ್ಷಣೆಗಾಗಿಯೇ. ಆದರೆ ವಾಂತಿಭೇದಿಯ ನೋರೋವೈರಸ್ ಅದಕ್ಕೆ ಸುಲಭವಾಗಿ ಬಗ್ಗದು. ಅಲ್ಲಿ ನೀರು, ಸಾಬೂನೇ ಬೇಕು.

ಯಾವುದನ್ನು ಆರಿಸಿದರೂ ಬಿಸಿನೀರು ಬೇಡ. ತೊಳೆದ ಕೈಯನ್ನು ಉಜ್ಜದೆ ಒತ್ತಿ ಒರೆಸಿ, ಸ್ವಲ್ಪ ಪಸೆ ಇರುವಾಗಲೇ ವ್ಯಾಸಲೀನ್ ಹಚ್ಚಿ.