ಗಾರ್ಡ್ ಪಾಸಿಂಗ್: ಮೈಭಾರ ಹಾಕೋದೋ, ಸುತ್ತಿಕೊಂಡು ಓಡೋದೋ?

ಬ್ರೆಜಿಲಿಯನ್ ಜಿಯು-ಜಿತ್ಸು ನೆಲದ ಮೇಲೆ ಹಿಡಿತ ಹಾಕಿ ಆಡುವ ಕುಸ್ತಿಯಂಥ ಆಟ. ಕೆಳಗಿರುವವರು ಕಾಲುಗಳಿಂದ ಒಡ್ಡುವ ತಡೆಯೇ ಗಾರ್ಡ್. ಪಂದ್ಯದಲ್ಲಿ ಗಾರ್ಡ್ ದಾಟಿ ಎದುರಾಳಿಯನ್ನು 3 ಸೆಕೆಂಡು ಹಿಡಿದಿಟ್ಟರೆ 3 ಅಂಕ. ದಾಟುವ ದಾರಿ ಮುಖ್ಯವಾಗಿ ಎರಡು.

ಮೊದಲನೆಯದು ಒತ್ತಡ. ಓವರ್-ಅಂಡರ್ ನೋಡಿ. ಒಂದು ಕೈ ಎದುರಾಳಿಯ ಒಂದು ಕಾಲಿನ ಮೇಲಿಂದ, ಇನ್ನೊಂದು ಕೈ ಮತ್ತೊಂದು ಕಾಲಿನ ಕೆಳಗಿಂದ ಹೋಗುತ್ತದೆ. ಭುಜ ಅವರ ಸೊಂಟಕ್ಕೆ ಒತ್ತಿರಬೇಕು. ನಿಮ್ಮ ಮೊಣಕಾಲು ನೆಲ ಬಿಟ್ಟು, ಕಾಲ್ಬೆರಳ ಮೇಲೆ ನಿಂತರೆ ಭಾರವೆಲ್ಲ ಅವರ ಮೇಲೆ. ಅವರು ಉಸಿರಾಡೋಕೇ ಒದ್ದಾಡುತ್ತಾರೆ. 2015ರಲ್ಲಿ ಓಪನ್ ಕ್ಲಾಸ್ (ತೂಕದ ಮಿತಿ ಇಲ್ಲದ ವಿಭಾಗ) ವಿಶ್ವ ಚಾಂಪಿಯನ್ ಆದ ಬರ್ನಾರ್ಡೊ ಫಾರಿಯಾ ಹೆಸರಾಗಿರುವುದು ಇದೇ ಪಾಸ್‌ಗೆ. ನಿಧಾನ, ಆದರೆ ಭದ್ರ. ತಲೆ ಮೇಲೆತ್ತಿದರೆ ಮಾತ್ರ ಟ್ರಯಾಂಗಲ್‌ಗೆ (ಕಾಲುಗಳಿಂದ ಕುತ್ತಿಗೆ ಬಿಗಿಯುವ ಪಟ್ಟು) ಸಿಕ್ಕಿಬೀಳುವ ಭಯ ಇದ್ದೇ ಇದೆ.

ಇನ್ನೊಂದು ಟೊರಿಯಾಂಡೊ. ಮೊಣಕಾಲ ಹತ್ತಿರ ಪ್ಯಾಂಟ್ ಹಿಡಿದು, ಎರಡೂ ಕಾಲನ್ನು ಒಂದು ಪಕ್ಕಕ್ಕೆ ತಳ್ಳಿ ನೀವು ಇನ್ನೊಂದು ಪಕ್ಕಕ್ಕೆ ಹೋಗುವುದು. ಬ್ರೆಜಿಲ್‌ನ ಆಟಗಾರ ಲಿಯಾಂಡ್ರೊ ಲೊ ಇದನ್ನು ಆಡುತ್ತಿದ್ದ ಚೆಂದವೇ ಬೇರೆ. ಫೇಲಾದರೂ ನಷ್ಟ ಕಡಿಮೆ, ಹಿಂದೆ ಸರಿದು ಮತ್ತೆ ನುಗ್ಗಬಹುದು. ಆದರೆ ದಮ್ಮು ಜಾಸ್ತಿ ಬೇಕು. ಗಿ (ಆಟದ ದಪ್ಪ ಬಟ್ಟೆಯ ಉಡುಪು) ಇಲ್ಲದಿದ್ದರೆ ಬೆವರಿಗೆ ಹಿಡಿತ ಜಾರುತ್ತದೆ, ಅಲ್ಲಿ ಎರಡೂ ಕೈಯಿಂದ ಸೊಂಟ ಸುತ್ತಿ ಹಿಡಿಯುವ ಬಾಡಿ ಲಾಕ್ ವಾಸಿ.

ಹೊಸಬರಿಗೆ ನಾನು ಹೇಳುವುದು ಒತ್ತಡದ ಪಾಸ್, ಹಗುರ ಮೈಯವರಿಗೂ ಅದೇ. ಟೊರಿಯಾಂಡೊ ಎಷ್ಟೋ ಸಲ ಹಾಫ್ ಗಾರ್ಡ್‌ನಲ್ಲಿ, ಅಂದರೆ ನಿಮ್ಮ ಒಂದು ಕಾಲು ಅವರ ಕಾಲುಗಳ ನಡುವೆ ಸಿಕ್ಕಿರುವ ಸ್ಥಿತಿಯಲ್ಲಿ, ಬಂದು ನಿಲ್ಲುತ್ತದೆ. ಅಲ್ಲಿ ಭಾರ ಹಾಕೋಕೆ ಬರದಿದ್ದರೆ ಅಷ್ಟು ಓಡಿದ್ದೂ ದಂಡ, ಅಲ್ವಾ?