ಬಚ್ಚಲ ನೀರು ಹಿತ್ತಲ ಮರಗಳಿಗೆ: ನೇರವಾಗಿ ಪಾತಿಗೋ, ಕಾಬಾಳೆ ಮಡಿಯಲ್ಲಿ ಸೋಸಿಯೋ?

ಸ್ನಾನದ ಮತ್ತು ಬಟ್ಟೆ ಒಗೆದ ನೀರನ್ನು ಹಿತ್ತಲಿನ ಮರಗಳಿಗೆ ಬಳಸಬಯಸುವವರ ಮುಂದೆ ಮುಖ್ಯವಾಗಿ ಎರಡು ದಾರಿಗಳಿವೆ: ಪೈಪಿನ ಮೂಲಕ ನೇರವಾಗಿ ಪಾತಿಗೆ ಹರಿಸುವುದು, ಇಲ್ಲವೇ ಜಲ್ಲಿ, ಮರಳು ತುಂಬಿ ಕಾಬಾಳೆ (ಕ್ಯಾನಾ ಹೂಗಿಡ) ನೆಟ್ಟ ಮಡಿಯಲ್ಲಿ ಸೋಸಿ ತೊಟ್ಟಿಗೆ ಇಳಿಸಿಕೊಳ್ಳುವುದು.

ತೆಂಗು, ಬಾಳೆ ಇರುವ ಹಿತ್ತಲಿಗೆ ಮೊದಲನೆಯದೇ ಸಾಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಪೈಪಿಗೆ ಪ್ರತಿ ಮೀಟರಿಗೆ ಸುಮಾರು 2 ಸೆಂ.ಮೀ. ಇಳಿಜಾರು ಕೊಟ್ಟು, ಕಾಂಡಕ್ಕೆ ನೀರು ತಾಗದಂತೆ ಸುತ್ತಲೂ ಪಾತಿ ತೋಡಿ, ತೆಂಗಿನ ಸಿಪ್ಪೆಯನ್ನು ನಾರಿನ ಭಾಗ ಮೇಲಾಗುವಂತೆ ಜೋಡಿಸಿ ತರಗೆಲೆ ಮುಚ್ಚಿದರೆ, ಕೂದಲು ಮತ್ತು ಕೊಳೆ ಅಲ್ಲಿಯೇ ಉಳಿದು ನೀರು ಮಣ್ಣಿಗಿಳಿಯುತ್ತದೆ. ಪಂಪಾಗಲಿ ವಿದ್ಯುತ್ತಾಗಲಿ ಬೇಕಿಲ್ಲ. ಕೊಳೆತ ಸಿಪ್ಪೆಯನ್ನು ಬದಲಿಸುವ ಕೆಲಸವಿದೆ; ಮಳೆಗಾಲದಲ್ಲಿ ನೀರನ್ನು ಒಳಚರಂಡಿಗೆ ತಿರುಗಿಸಲು ಒಂದು ವಾಲ್ವ್ ಕೂಡ ಬೇಕು. ಸೋಸದ ನೀರನ್ನು 24 ಗಂಟೆಗಿಂತ ಹೆಚ್ಚು ಕಾಲ ಸಂಗ್ರಹಿಸಿಟ್ಟರೆ ನಾರುವುದರಿಂದ ಈ ವಿಧಾನದಲ್ಲಿ ತೊಟ್ಟಿಯ ಮಾತೇ ಬೇಡ.

ಕಾಬಾಳೆ ಮಡಿಗೆ ಜಾಗವೂ ಖರ್ಚೂ ಹೆಚ್ಚು. ಆದರೂ ಮರಗಳು ಮನೆಗಿಂತ ಎತ್ತರದಲ್ಲಿದ್ದು ಪಂಪು ಅನಿವಾರ್ಯವಾದಲ್ಲಿ ಅದನ್ನೇ ಆರಿಸಿಕೊಳ್ಳಬೇಕು, ಏಕೆಂದರೆ ಸೋಸದ ನೀರಿನಿಂದ ಪಂಪು ಬೇಗ ಕಟ್ಟಿಕೊಳ್ಳುತ್ತದೆ. ಸೋಸಿದ ನೀರಿನ ತೊಟ್ಟಿಗೂ ಸೊಳ್ಳೆ ನುಗ್ಗದಂಥ ಮುಚ್ಚಳವಿರಲಿ.

ಮಡಿಯಲ್ಲಿ ಸೋಸಿದರೂ ಡಿಟರ್ಜೆಂಟಿನ ಸೋಡಿಯಂ ನೀರಿನಲ್ಲಿಯೇ ಉಳಿಯುತ್ತದೆ. ತೆಂಗು ಅದನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ. ನಿಂಬೆ, ಬೆಣ್ಣೆಹಣ್ಣಿನ ಮರಗಳಾದರೋ ಎಲೆಯಂಚು ಸುಟ್ಟಂತಾಗಿ ಸೊರಗುತ್ತವೆ. ಆ ಮರಗಳಿಗೆ ಸ್ನಾನದ ನೀರನ್ನು ಮಾತ್ರ ಹರಿಸಿ, ವಾಷಿಂಗ್ ಮೆಷಿನ್ನಿನ ಪೈಪನ್ನು ತೆಂಗಿನತ್ತ ತಿರುಗಿಸಿ.